80ಜಿ ಇದೆಯಾ? ಇದೆ. ಮುಂದೆ?

ಸಣ್ಣ ಸಂಸ್ಥೆಗಳ ಲೆಕ್ಕಪತ್ರ ನೋಡಿಕೊಳ್ಳುವವರನ್ನು ಮದುವೆ ಮನೆಯ ಪಂಕ್ತಿಯಲ್ಲೂ ಬಿಡದ ಪ್ರಶ್ನೆ ಇದು: "ಡೊನೇಷನ್ ಕೊಡೋಣ ಅಂತಿದ್ದೀನಿ, 80ಜಿ ಇದೆಯಾ?" ವೃದ್ಧಾಶ್ರಮವೋ, ಸಂಜೆ ಪಾಠ ಹೇಳುವ ಟ್ರಸ್ಟೋ, ಬೀದಿನಾಯಿಗಳನ್ನು ನೋಡಿಕೊಳ್ಳುವ ಸಂಘವೋ, ಏನು ಕೆಲಸ ಮಾಡುತ್ತದೆ ಎಂದು ಕೇಳುವ ಮುಂಚೆಯೇ ಇದು ಬರುತ್ತದೆ. 80ಜಿ ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡುವ ಸೆಕ್ಷನ್. ಸಂಸ್ಥೆಗೆ ಅದರ ಅನುಮೋದನೆ ಇದೆಯೇ ಎಂಬುದು ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಮೊದಲು ನೀವು ಹೇಳಿ, ನೀವು ಯಾವ ತೆರಿಗೆ ಪದ್ಧತಿಯಲ್ಲಿದ್ದೀರಿ? 2023-24ನೇ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯೇ ಡಿಫಾಲ್ಟ್. ಹಳೆಯದೇ ಬೇಕೆಂದು ನೀವಾಗಿ ಆರಿಸಿಕೊಳ್ಳದಿದ್ದರೆ ಹೊಸದರಲ್ಲೇ ಇದ್ದೀರಿ, ಮತ್ತು ಅದರಲ್ಲಿ 80ಜಿ ವಿನಾಯಿತಿ ಇಲ್ಲವೇ ಇಲ್ಲ. ಇದನ್ನು ಕೇಳಿ ಮುಖ ಸಣ್ಣದು ಮಾಡಿಕೊಳ್ಳುವವರಿಗೆ ನಾನೇನೂ ಮಾಡಲಾರೆ.

ಹಳೆಯ ಪದ್ಧತಿಯವರಿಗೂ "ಅರ್ಧ ದುಡ್ಡು ವಾಪಸ್ ಬರುತ್ತಂತೆ" ಎಂಬ ಭ್ರಮೆ ಇದೆ. ಬರುವುದಿಲ್ಲ. ನೀವು 10,000 ರೂಪಾಯಿ ಕೊಟ್ಟರೆ ಸಾಮಾನ್ಯ ಸಂಸ್ಥೆಯ ವಿಷಯದಲ್ಲಿ ಅದರ ಶೇ 50, ಅಂದರೆ 5,000, ನಿಮ್ಮ ಆದಾಯದಿಂದ ಕಳೆಯುತ್ತದೆ, ತೆರಿಗೆಯಿಂದಲ್ಲ. ಶೇ 30ರ ಸ್ಲ್ಯಾಬ್‌ನಲ್ಲಿದ್ದರೆ ಶೇ 4 ಸೆಸ್ ಸೇರಿ ಉಳಿಯುವುದು 1,560 ರೂಪಾಯಿ. ಶೇ 20ರವರಿಗೆ 1,040. ಜೊತೆಗೆ ಲೆಕ್ಕಕ್ಕೆ ಬರುವ ದಾನಕ್ಕೆ ಒಟ್ಟು ಆದಾಯದ ಶೇ 10ರ ಮಿತಿ ಬೇರೆ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಅದು ಲೆಕ್ಕಕ್ಕೇ ಬರುವುದಿಲ್ಲ. "ಸಾವಿರದ ಒಂಬೈನೂರರಂತೆ ಐದು ರಸೀದಿ ಮಾಡಿಬಿಡಿ" ಎನ್ನುವ ಜಾಣರಿದ್ದಾರೆ. ಹಾಗೆ ಮಾಡಿಕೊಡುವ ಸಂಸ್ಥೆ ಸಿಕ್ಕರೆ ದಯವಿಟ್ಟು ಅಲ್ಲಿಗೆ ದುಡ್ಡು ಕೊಡಬೇಡಿ. ಅಕ್ಕಿ ಮೂಟೆ, ಹಳೇ ಕಂಪ್ಯೂಟರ್, ಬಟ್ಟೆ, ಇವಕ್ಕೆ ವಿನಾಯಿತಿ ಇಲ್ಲ. ಭಾನುವಾರ ನೀವು ಬಂದು ಕೆಲಸ ಮಾಡಿದ ಮೂರು ಗಂಟೆಗೂ ಇಲ್ಲ.

(2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅದರಲ್ಲಿ ಸೆಕ್ಷನ್ ನಂಬರುಗಳು ಬೇರೆ. ಇಲ್ಲಿ ಹೇಳಿರುವುದು 1961ರ ಕಾಯ್ದೆಯ ಲೆಕ್ಕ, ಅದರ ಹೆಸರುಗಳಲ್ಲೇ. ಕೇಳುವವರ ಬಾಯಲ್ಲಿ ಅದು 80ಜಿ ಆಗಿಯೇ ಇರುತ್ತದೆ.)

ಇನ್ನು ರಸೀದಿ. ಕೊಟ್ಟ ದಿನ ಸಿಗುವ ರಸೀದಿ ಸಾಲದು. ವರ್ಷ ಮುಗಿದ ಮೇಲೆ ಸಂಸ್ಥೆ ದಾನಿಗಳ ಪಟ್ಟಿಯನ್ನು ಫಾರ್ಮ್ 10ಬಿಡಿಯಲ್ಲಿ ಇಲಾಖೆಯ ಪೋರ್ಟಲ್‌ಗೆ ಸಲ್ಲಿಸಬೇಕು. ಅದರಿಂದ ಬರುವ 10ಬಿಇ ಪ್ರಮಾಣಪತ್ರವೇ ನಿಮಗೆ ಬೇಕಾದ ಕಾಗದ. ಎರಡಕ್ಕೂ ಮೇ 31 ಕೊನೆಯ ದಿನ, ಪಟ್ಟಿ ಸಲ್ಲಿಸುವುದು ತಡವಾದರೆ ಸಂಸ್ಥೆಗೆ ದಿನಕ್ಕೆ 200 ರೂಪಾಯಿ ಬರೆ. ಪಟ್ಟಿಗೆ ನಿಮ್ಮ ಹೆಸರು, ವಿಳಾಸ, ಪ್ಯಾನ್, ಮೊತ್ತ, ಪಾವತಿಯ ಬಗೆ ಎಲ್ಲವೂ ಬೇಕು. ಆದರೆ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕಾಣುವುದು ಒಂದು ಯುಪಿಐ ಐಡಿ ಮತ್ತು ಅರ್ಧಕ್ಕೆ ತುಂಡಾದ ಹೆಸರು. ಕ್ಯೂಆರ್ ಸ್ಕ್ಯಾನ್ ಮಾಡಿ ಸುಮ್ಮನಾದವರು ಜುಲೈನಲ್ಲಿ ರಿಟರ್ನ್ ಫೈಲ್ ಮಾಡಲು ಕೂತಾಗ ಎಚ್ಚರಗೊಂಡು "ನನ್ನ ಸರ್ಟಿಫಿಕೇಟ್ ಎಲ್ಲಿ?" ಎಂದು ದಬಾಯಿಸುತ್ತಾರೆ. ಗಂಡನ ಖಾತೆಯಿಂದ ದುಡ್ಡು, ಹೆಂಡತಿಯ ಪ್ಯಾನ್‌ಗೆ ರಸೀದಿ ಎಂಬ ಬೇಡಿಕೆ ಇನ್ನೊಂದು. ಆಗುವುದಿಲ್ಲ. ದುಡ್ಡು ಹಾಕಿದ ದಿನವೇ ಹೆಸರು, ಪ್ಯಾನ್, ವಿಳಾಸ, ವಹಿವಾಟಿನ ನಂಬರ್ ಒಂದು ಮೆಸೇಜಿನಲ್ಲಿ ಕಳಿಸಿದರೆ ಈ ರಾಮಾಯಣವೇ ಇರುವುದಿಲ್ಲ.

ನನಗೆ ಸಿಟ್ಟು ಬರುವುದು ತೆರಿಗೆ ಉಳಿಸುವ ಆಸೆಗಲ್ಲ, ಅದು ಎಲ್ಲರಿಗೂ ಇರುವಂಥದ್ದೇ. "80ಜಿ ಇಲ್ವಾ? ಹಾಗಾದ್ರೆ ಜೆನ್ಯೂನ್ ಅಲ್ಲ ಬಿಡಿ" ಎನ್ನುವ ರಾಗ ಇದೆಯಲ್ಲ, ಅದಕ್ಕೆ. ಇನ್ನೂ ಒಂದೇ ಒಂದು ಕೆಲಸ ಶುರು ಮಾಡದ ಟ್ರಸ್ಟಿಗೂ ಮೂರು ವರ್ಷದ ತಾತ್ಕಾಲಿಕ ಅನುಮೋದನೆ ಸಿಗುತ್ತದೆ. ಚೆಕ್ ತೆಗೆದುಕೊಂಡು, ಕಮಿಷನ್ ಮುರಿದುಕೊಂಡು, ಉಳಿದದ್ದನ್ನು ನಗದಾಗಿ ವಾಪಸ್ ಕೊಡುವ ಕಳ್ಳ ಸಂಸ್ಥೆಗಳ ಬಳಿ 80ಜಿ ಇದ್ದೇ ಇರುತ್ತದೆ, ಅವರ ವ್ಯಾಪಾರವೇ ಅದು. ಇನ್ನು ಕೆಲವರು 2008ರದ್ದೋ 2010ರದ್ದೋ "ಶಾಶ್ವತ" ಆದೇಶವನ್ನು ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿರುತ್ತಾರೆ. 2021ರ ಬದಲಾವಣೆಯ ನಂತರ ಅವರೆಲ್ಲ ಮತ್ತೆ ಅರ್ಜಿ ಹಾಕಲೇಬೇಕಿತ್ತು. ಈಗಿನ ಅನುಮೋದನೆ ಐದು ವರ್ಷಕ್ಕೆ, ಆಮೇಲೆ ನವೀಕರಣ. ಹಾಗಾಗಿ ಆದೇಶದ ಪ್ರತಿ ಕೇಳಿ, ಯಾವ ವರ್ಷದವರೆಗೆ ಎಂದು ನೋಡಿ.

ಸಂಸ್ಥೆ ನಂಬಿಕಸ್ಥವೇ ಎಂದು ತಿಳಿಯಬೇಕಿದ್ದರೆ ಆಡಿಟ್ ಆದ ಲೆಕ್ಕ ಕೇಳಿ. ಅದರಲ್ಲಿ ಮೂರು ಕಡೆ ಕಣ್ಣಾಡಿಸಿ. ಬಾಡಿಗೆ ಯಾರಿಗೆ ಹೋಗುತ್ತಿದೆ? ಟ್ರಸ್ಟಿಯದೇ ಕಟ್ಟಡವಾಗಿದ್ದು ಬಾಡಿಗೆ ಊರಿಗಿಂತ ದುಬಾರಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಮಾರ್ಚ್ 31ಕ್ಕೆ ಕೈಯಲ್ಲಿದ್ದ ನಗದು ಎಷ್ಟು? ಸಣ್ಣ ಸಂಸ್ಥೆಯ ಪೆಟ್ಟಿಗೆಯಲ್ಲಿ ಲಕ್ಷಗಟ್ಟಲೆ ನಗದು ಇರಲು ಕಾರಣವಿಲ್ಲ. ಸಂಬಳದ ಸಾಲಿನಲ್ಲಿ ಏನಿದೆ? ಇಲ್ಲಿ ನೀವು ಮಾಡುವ ತಪ್ಪು ಬೇರೆ: ಸಂಬಳ ಜಾಸ್ತಿ ಕಂಡರೆ ಮೂಗು ಮುರಿಯುತ್ತೀರಿ. ಪಾಠ ಹೇಳುವ ಸಂಸ್ಥೆಯ ದೊಡ್ಡ ಖರ್ಚು ಮೇಷ್ಟ್ರ ಸಂಬಳವಲ್ಲದೆ ಇನ್ನೇನಾಗಿರಬೇಕು? ಅಲ್ಲಿ ಸಂಬಳ ಸೊನ್ನೆ ಇದ್ದರೆ ನನಗೆ ಅನುಮಾನ ಬರುತ್ತದೆ.

ಯಾರೂ ಕೇಳದ ಪ್ರಶ್ನೆಯೊಂದಿದೆ. ಕೇಳಿದ್ದರೆ ಕುರ್ಚಿ ಎಳೆದು ಕೂರಿಸಿ ಉತ್ತರ ಹೇಳುತ್ತಿದ್ದೆ: "ಯಾವ ಖರ್ಚಿಗೆ ನಿಮಗೆ ಯಾರೂ ದುಡ್ಡು ಕೊಡುವುದಿಲ್ಲ?"

ಉತ್ತರ ರೆಡಿ ಇದೆ. ಆಡಿಟ್ ಫೀಸು. ವ್ಯಾನಿನ ಇನ್ಶೂರೆನ್ಸ್. ಅಡುಗೆಯವರ ಪಿಎಫ್. ತುಂಬಿ ಹೋದ ಶೌಚದ ಗುಂಡಿ ಖಾಲಿ ಮಾಡಿಸುವುದು. ಮಕ್ಕಳ ಮನೆಯಲ್ಲಿ ಹುಟ್ಟುಹಬ್ಬದ ಊಟ ಹಾಕಿಸಲು ಶನಿವಾರ, ಭಾನುವಾರ ಎರಡೆರಡು ಮನೆಯವರು ಸಾಲುಗಟ್ಟುತ್ತಾರೆ, ಮಂಗಳವಾರ ಯಾರೂ ಇಲ್ಲ. ಭಾನುವಾರ ಉಳಿದ ಪಲಾವ್ ಚೆಲ್ಲಿ, ಮಂಗಳವಾರ ಅಂಗಡಿಯಲ್ಲಿ ಸಾಲ ಬರೆಸುವುದು ಅಲ್ಲಿನ ವಾಸ್ತವ. ಊಟದ ದುಡ್ಡನ್ನೇ "ಸಾಮಾನ್ಯ ನಿಧಿಗೆ" ಎಂದು ಬರೆದು ಕೊಟ್ಟರೆ ಆ ಗುಂಡಿಯೂ ಖಾಲಿಯಾಗುತ್ತದೆ. ದೊಡ್ಡದಾಗಿ ಕೇಳಿಸುತ್ತದೆಂದು "ಕಾರ್ಪಸ್‌ಗೆ" ಎಂದು ಮಾತ್ರ ಬರೆಯಬೇಡಿ. ಬರೆದರೆ ಅದು ಮೂಲಧನವಾಗಿ ಡಿಪಾಸಿಟ್‌ನಲ್ಲಿ ಕೂರುತ್ತದೆ, ಈ ತಿಂಗಳ ಕರೆಂಟ್ ಬಿಲ್ಲಿಗೆ ಮುಟ್ಟುವಂತಿಲ್ಲ. ಅಂದಹಾಗೆ, ಅಲ್ಲಿನ ಮಕ್ಕಳ ಜೊತೆ ಕೇಕ್ ಕತ್ತರಿಸಿದ ಫೋಟೋ ಹಂಚುವುದು ತಮಾಷೆಯಲ್ಲ. ಪಾಲನೆಯಲ್ಲಿರುವ ಮಕ್ಕಳ ಗುರುತು ಬಹಿರಂಗಪಡಿಸಿದರೆ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ.

"ದುಡ್ಡು ಬೇಡ, ನಾವೇ ಬಂದು ಏನಾದ್ರೂ ಮಾಡ್ತೀವಿ" ಎನ್ನುವವರಿಗೂ ಒಂದು ಮಾತು. ಮೂವತ್ತು ಜನ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಗೋಡೆಗೆ ಬಣ್ಣ ಬಳಿಯಲು ಬಂದರೆ, ಸಿಬ್ಬಂದಿಯಲ್ಲಿ ಒಬ್ಬರ ವಾರದ ರಜೆ ಹೋಯಿತು. ಹಳೇ ಸುಣ್ಣ ಕೆರೆಯಲು ಯಾರಿಗೂ ಪುರುಸೊತ್ತಿಲ್ಲ, ಪ್ರೈಮರ್ ಹಾಕಿ ಒಣಗುವವರೆಗೆ ಕಾಯುವುದೂ ಇಲ್ಲ. ಪುಡಿ ಉದುರುವ ಸುಣ್ಣದ ಮೇಲೆ ನೇರ ಎಮಲ್ಷನ್ ಹೊಡೆದು ಗ್ರೂಪ್ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ಒಂದು ಮಳೆಗಾಲ ಕಳೆದರೆ ಬಣ್ಣ ಹಪ್ಪಳದ ಹಾಗೆ ಎದ್ದು ಬರುತ್ತದೆ, ಆಮೇಲೆ ಅದನ್ನು ಕೆರೆಸಲು ಕೂಲಿ ಕೊಡಬೇಕಾದವರು ಸಂಸ್ಥೆಯವರು. ಅದರ ಬದಲು ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಬರುವ ಒಬ್ಬರು ತಿಂಗಳಿಗೆ ಎರಡು ಶನಿವಾರ ಬಂದು ವೋಚರ್‌ಗಳನ್ನು ಎಂಟ್ರಿ ಮಾಡಿಕೊಟ್ಟರೆ ಮೇ 31ಕ್ಕೆ ಕೊಡಬೇಕಾದ ದಾನಿಗಳ ಪಟ್ಟಿ ಏಪ್ರಿಲ್‌ನಲ್ಲೇ ತಯಾರಾಗುತ್ತದೆ. ಪಾಠ ಹೇಳುವುದಾದರೆ ವಾರದ ಅದೇ ದಿನ, ಅದೇ ಹೊತ್ತು, ಕಡೇ ಪಕ್ಷ ಪರೀಕ್ಷೆ ಮುಗಿಯುವವರೆಗೆ. ನಡುವೆ ಕೈಕೊಡುವುದಾದರೆ ಶುರುವೇ ಮಾಡಬೇಡಿ. ಮಕ್ಕಳು ಕಾಯುತ್ತಾರೆ, ನೀವು ಟ್ರಾಫಿಕ್‌ನಲ್ಲಿದ್ದೀರಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ವಿದೇಶದಲ್ಲಿರುವ ಮಗನ ಕೈಲಿ ಹಾಕಿಸುತ್ತೇನೆ ಎನ್ನುವವರು ಅವನ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಮೊದಲು ಹೇಳಿ. ಭಾರತದ್ದಾದರೆ ಬ್ಯಾಂಕ್ ಮೂಲಕ ಕಳಿಸಲಿ, ತೊಂದರೆಯಿಲ್ಲ. ಬೇರೆ ದೇಶದ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆ, ಅದೂ ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯಲ್ಲಿನ ಖಾತೆಗೆ ಮಾತ್ರ ಪಡೆಯಬಹುದು. ಊರಿನ ಖಾತೆಗೆ ಹಾಕಿಬಿಟ್ಟರೆ ಸಿಕ್ಕಿಬೀಳುವುದು ಸಂಸ್ಥೆ.

ಕೊನೆಗೆ, ಮಾರ್ಚ್ 31ರ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಬೇಡಿ. ತಿಂಗಳಿಗೆ 500 ರೂಪಾಯಿಯಾದರೂ ಸರಿ, ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟುಬಿಡಿ. ತಾರೀಕು 28 ಎಂದು ಹಾಕಿ, ಸಂಸ್ಥೆಯವರು ಸಂಬಳ ಕೊಡುವುದು ಒಂದನೇ ತಾರೀಕಿಗೆ.