‘ಬೇಕು’ ಅನ್ನೋಕೆ ಫ್ರೆಂಚಿನಲ್ಲಿ ಏನಂತಾರೆ?

ಮೈಸೂರಿನಲ್ಲಿ ಫ್ರೆಂಚ್ ಪಾಠ ಹೇಳಲು ಶುರು ಮಾಡಿ ಬಹಳ ವರ್ಷ ಆಯಿತು. ಯಾವ ಬ್ಯಾಚ್ ಆದರೂ ಮೊದಲ ವಾರ ಮುಗಿಯುವುದರೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕ್ಲಾಸಿನಲ್ಲಿ ಮಾತ್ರ ಅಲ್ಲ. ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯ ಚಿಕ್ಕಪ್ಪ ಕೇಳುತ್ತಾರೆ: "ಏನಮ್ಮಾ, ಪಾಯಸ ಬೇಕು ಅನ್ನೋಕೆ ನಿಮ್ಮ ಫ್ರೆಂಚಲ್ಲಿ ಏನಂತಾರೆ?" ನಾನು ಬಾಯಿ ತೆರೆಯುವ ಮೊದಲೇ ಇನ್ನೊಂದು ಮಾತು ಸೇರಿಸುತ್ತಾರೆ: "ಒಂದೇ ಪದ ಹೇಳು, ಸಾಕು."

ಇನ್ನು ಮೇಲೆ ಬಾಯಲ್ಲಿ ಹೇಳುವುದಿಲ್ಲ. ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಒಂದೇ ಪದ ಇಲ್ಲ. ಸುಮ್ನೆ ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ನಿಜವಾಗಿಯೂ ಇಲ್ಲ. ನಮ್ಮ ‘ಬೇಕು’ ಒಂದೇ ಪದದಲ್ಲಿ ಆಸೆ, ಅಗತ್ಯ, ಕರ್ತವ್ಯ, ಊಹೆ ಎಲ್ಲವನ್ನೂ ಹೇಳಿಬಿಡುತ್ತದೆ. ‘ಪಾಯಸ ಬೇಕು’ ಅಂದರೆ ಆಸೆ. ‘ಸಾರಿಗೆ ಉಪ್ಪು ಬೇಕು’ ಅಂದರೆ ಅಗತ್ಯ. ‘ನಾಳೆ ಬ್ಯಾಂಕಿಗೆ ಹೋಗಬೇಕು’ ಅಂದರೆ ಆಗಲೇಬೇಕಾದ ಕೆಲಸ. ‘ಅವನು ಮನೇಲಿ ಇರಬೇಕು’ ಅಂದರೆ ಬರೀ ಊಹೆ. ಫ್ರೆಂಚರು ಈ ಕೆಲಸವನ್ನು ಮೂರು ಕ್ರಿಯಾಪದಗಳಿಗೆ ಹಂಚಿದ್ದಾರೆ: ವುಲ್ವಾರ್, ದವ್ವಾರ್, ಫಲ್ವಾರ್. ಆದ್ದರಿಂದ ನೀವು ಯಾವ ‘ಬೇಕು’ ಕೇಳುತ್ತಿದ್ದೀರಿ ಅಂತ ಮೊದಲು ಹೇಳಿ.

ಆಸೆಯ ‘ಬೇಕು’ಗೆ ವುಲ್ವಾರ್. ‘ಝ ವೊ’ ಅಂದರೆ ನನಗೆ ಬೇಕು. ಆದರೆ ಅಂಗಡಿಯಲ್ಲಿ ಹೀಗೆ ಅನ್ನಬೇಡಿ. ಹಟ ಮಾಡುವ ಮಗುವಿನ ಮಾತಿನ ಹಾಗೆ ಕೇಳಿಸುತ್ತದೆ. ಅಲ್ಲಿ ಮಕ್ಕಳು ‘ಝ ವೊ, ಝ ವೊ’ ಅಂತ ರಾಗ ತೆಗೆದರೆ ದೊಡ್ಡವರು ಹೇಳುವ ಒಂದು ಹಳೇ ಮಾತಿದೆ: ‘ಬೇಕು’ ಅನ್ನೋ ಗಿಡ ರಾಜನ ತೋಟದಲ್ಲೂ ಬೆಳೆಯಲ್ಲ. ಹಾಗಾಗಿ ಬ್ರೆಡ್ ಕೊಳ್ಳುವಾಗ ಮೊದಲು ‘ಬೋಂಝೂರ್’ ಹೇಳಿ, ಆಮೇಲೆ ‘ಝ ವುದ್ರೆ’ ಅನ್ನಿ. ಕ್ರಿಯಾಪದ ಅದೇ, ರೂಪ ಬೇರೆ. ‘ಬೇಕಾಗಿತ್ತು’ ಅಂತ ನಾವು ದನಿ ಇಳಿಸಿ ಹೇಳುತ್ತೇವಲ್ಲ, ಹಾಗೆ. ನಮ್ಮ ಹೋಟೆಲಿನಲ್ಲಿ ‘ಒಂದು ಕಾಫಿ ಕೊಡಿ’ ಅಂದರೆ ಮುಗಿಯಿತು. ಮರ್ಯಾದೆ ಆ ಕೊನೆಯ ‘ಇ’ಯಲ್ಲೇ ಇದೆ. ಅವರಿಗೆ ಅದು ‘ವುದ್ರೆ’ಯಲ್ಲಿದೆ.

ಇಷ್ಟು ಹೇಳುವಷ್ಟರಲ್ಲಿ ಯಾರಾದರೂ ತಡೆಯುತ್ತಾರೆ. "ಹಾಗಾದ್ರೆ ಮಸ್ಟ್‌ಗೆ ಏನು? ಕ್ಯಾನ್‌ಗೆ ಏನು?"

ನನಗೆ ಬೇಸರ ಬರುವುದು ಇಲ್ಲೇ. ಕನ್ನಡದವರು ಫ್ರೆಂಚ್ ಕಲಿಯೋಕೆ ಬಂದು ಇಂಗ್ಲಿಷಿನ ಬಾಗಿಲು ಯಾಕೆ ತಟ್ಟುತ್ತೀರಿ? ನಿಮ್ಮ ಮನೆ ಹಿತ್ತಲಿನಿಂದಲೇ ದಾರಿ ಇದೆ. ಕ್ಯಾನ್ ವಿಷಯವನ್ನೇ ನೋಡಿ. ‘ನನಗೆ ಈಜು ಬರುತ್ತೆ, ಆದರೆ ಇವತ್ತು ಆಗಲ್ಲ, ಕಾಲು ನೋವು.’ ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಕಲಿತ ವಿದ್ಯೆಗೆ ‘ಬರುತ್ತೆ’, ಆ ಹೊತ್ತಿನ ಶಕ್ತಿಗೆ ‘ಆಗುತ್ತೆ’. ಫ್ರೆಂಚಿನಲ್ಲೂ ಗೆರೆ ಹೆಚ್ಚುಕಡಿಮೆ ಅಲ್ಲೇ ಇದೆ. ಈಜು ಬರುತ್ತೆ ಅನ್ನೋಕೆ ‘ಝ ಸೆ ನಾಝೆ’, ಅದು ಸವ್ವಾರ್. ಇವತ್ತು ಆಗಲ್ಲ ಅನ್ನೋಕೆ ‘ಝ ನ ಪೊ ಪಾ’, ಅದು ಪುವ್ವಾರ್. ಇಂಗ್ಲಿಷಿನಲ್ಲಿ ಯೋಚಿಸುವ ಹುಡುಗರಿಗೆ ಎರಡೂ ಕ್ಯಾನ್. ಅದಕ್ಕೇ ಅವರು ‘ಝ ಪೊ ನಾಝೆ’ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳುತ್ತಾರೆ. ಕನ್ನಡದಲ್ಲಿ ಒಂದು ಸಲ ಹೇಳಿಕೊಂಡಿದ್ದರೆ ತಪ್ಪುತ್ತಲೇ ಇರಲಿಲ್ಲ. (ಬೆಲ್ಜಿಯಂನಲ್ಲಿ ಮಾತ್ರ ‘ಬರೋಕೆ ಆಗಲ್ಲ’ ಅನ್ನೋಕೂ ಸವ್ವಾರ್ ಬಳಸುತ್ತಾರೆ. ಅಲ್ಲಿಗೆ ಹೋಗುವವರು ಗಾಬರಿ ಆಗಬೇಡಿ.)

ದವ್ವಾರ್ ನೋಡಿ. ‘ಝ ದ್ವಾ’ ಅಂದರೆ ನಾನು ಮಾಡಬೇಕು, ನನ್ನ ಮೇಲಿರುವ ಹೊಣೆ. ಅದೇ ಪದ ಸಾಲಕ್ಕೂ ಬರುತ್ತದೆ. ‘ಝ ವು ದ್ವಾ ಕೊಂಬ್ಯಾಂ?’ ಅಂದರೆ ನಿಮಗೆ ಎಷ್ಟು ಕೊಡಬೇಕು? ಊಹೆಗೂ ಅದೇ. ‘ಇಲ್ ದ್ವಾ ಎತ್ರ್ ಮಲಾದ್’ ಅಂದರೆ ಅವನಿಗೆ ಹುಷಾರಿಲ್ಲ ಅಂತ ಇರಬೇಕು. ಕೊಡಬೇಕು, ಇರಬೇಕು. ನಮ್ಮಲ್ಲೂ ಅದೇ ‘ಬೇಕು’ ಅಲ್ವಾ? ಮಕ್ಕಳ ಹೋಂವರ್ಕಿಗೆ ಅವರು ಇಟ್ಟಿರುವ ಹೆಸರೂ ದವ್ವಾರ್.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಫಲ್ವಾರ್. ಇದರ ವರ್ತಮಾನದ ರೂಪ ‘ಇಲ್ ಫೋ’. ಫ್ರೆಂಚಿನ ಕ್ರಿಯಾಪದಗಳು ನಾನು, ನೀನು, ಅವನು, ನಾವು ಅಂತ ಆರು ವೇಷ ಹಾಕುತ್ತವೆ. ಅದನ್ನು ಬಾಯಿಪಾಠ ಮಾಡೋದರಲ್ಲೇ ಮಕ್ಕಳು ಸುಸ್ತಾಗುತ್ತಾರೆ. ಫಲ್ವಾರ್‌ಗೆ ಒಂದೇ ವೇಷ. ನಾನು ಹೋಗಬೇಕು, ನೀನು ಹೋಗಬೇಕು, ಅವರೆಲ್ಲ ಹೋಗಬೇಕು: ನಮ್ಮ ‘ಬೇಕು’ ಯಾರಿಗೂ ಬಾಗುವುದಿಲ್ಲ. ಇದೂ ಬಾಗುವುದಿಲ್ಲ. ‘ಇಲ್’ ಅಂದರೆ ‘ಅವನು’ ನಿಜ, ಆದರೆ ಇಲ್ಲಿ ಯಾವ ಅವನೂ ಇಲ್ಲ. ಮಾತಿನಲ್ಲಿ ಅದನ್ನೂ ಬಿಟ್ಟು ಬರೀ ‘ಫೋ’ ಅಂದುಬಿಡುತ್ತಾರೆ. ‘ಇಲ್ ಮ ಫೋ ದ್ಯು ಲೆ’ ಅಂದರೆ ನನಗೆ ಹಾಲು ಬೇಕು. ಆ ‘ಮ’ ಇದೆಯಲ್ಲ, ಅದೇ ‘ನನಗೆ’. ನಿನಗೆ ಅಂದರೆ ‘ತ’. ಅವನಿಗೆ ಅಂದರೆ ‘ಲ್ವಿ’. ಇಂಗ್ಲಿಷಿನಲ್ಲಿ ನಾನು ಹಾಲನ್ನು ಬಯಸಬೇಕು. ಕನ್ನಡದಲ್ಲೂ ಫ್ರೆಂಚಿನಲ್ಲೂ ನನಗೆ ಹಾಲು ಬೇಕು, ಅಷ್ಟೇ. ಕೇಕಿಗೆ ಮೂರು ಮೊಟ್ಟೆ ಬೇಕು ಅನ್ನೋಕೆ ‘ಇಲ್ ಫೋ’. ಲಿಯೋನ್‌ನಿಂದ ಪ್ಯಾರಿಸ್ಸಿಗೆ ರೈಲಿನಲ್ಲಿ ಎರಡು ಗಂಟೆ ಬೇಕು ಅನ್ನೋಕೂ ‘ಇಲ್ ಫೋ’. ಇದನ್ನು ಮೊದಲ ಸಲ ಕಂಡುಕೊಂಡ ದಿನ ನನಗೆ ಊರಿನವರು ಯಾರೋ ಸಿಕ್ಕಷ್ಟು ಖುಷಿಯಾಗಿತ್ತು.

ಆದರೆ ಇದೇ ‘ಇಲ್ ಫೋ’ ಒಮ್ಮೆ ನನ್ನನ್ನು ಕೈ ಬಿಟ್ಟಿತು. ಆಗಿನಿಂದ ಯಾರಾದರೂ ‘ಬೇಕು’ ಬಿಟ್ಟು ‘ಬೇಕಿಲ್ಲ’ ಅನ್ನೋದು ಹೇಗೆ ಅಂತ ಕೇಳಲಿ ಅಂತ ಕಾಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ನಾನೇ ಹೇಳುತ್ತೇನೆ.

ಆಗ ನಾನು ಲಿಯೋನ್‌ನಲ್ಲಿ ಓದುತ್ತಿದ್ದೆ. ಕ್ರುವಾ-ರೂಸ್ ಅನ್ನುವ ಗುಡ್ಡದ ಮೇಲೆ ಬಾಡಿಗೆ ಕೋಣೆ. ಒಂದು ಕಾಲದಲ್ಲಿ ರೇಷ್ಮೆ ನೇಯುವವರು ಇದ್ದ ಜಾಗ ಅದು. ಎತ್ತರದ ಜಕಾರ್ಡ್ ಮಗ್ಗ ಹಿಡಿಸಲಿ ಅಂತ ಮನೆಗಳ ಚಾವಣಿಯನ್ನು ಸುಮಾರು 4 ಮೀಟರ್ ಎತ್ತರಕ್ಕೆ ಕಟ್ಟಿದ್ದಾರೆ. ಹಾಗಾಗಿ ನಮ್ಮೂರಿನ ಮೂರು ಮಹಡಿ ಹತ್ತಿದಷ್ಟು ಮೆಟ್ಟಿಲು ಅಲ್ಲಿ ಎರಡೇ ಮಹಡಿಗೆ. ನಾನಿದ್ದ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ನಾನು ನಾಲ್ಕನೇ ಮಹಡಿ. ಮೊದಲನೇ ಮಹಡಿಯಲ್ಲಿ ಒಬ್ಬರೇ ಇದ್ದ ಅಜ್ಜಿಗೆ ಎರಡೂ ಮಂಡಿ ನೋವು. ನಾನು ಅವರನ್ನು ‘ಮದಾಮ್’ ಅಂತಲೇ ಕರೆಯುತ್ತಿದ್ದೆ.

ಜನವರಿಯಲ್ಲಿ ನನಗೆ ಜ್ವರ ಬಂತು. ಮೂರು ದಿನ ಕೆಳಗೆ ಇಳಿಯಲಿಲ್ಲ. ಅಜ್ಜಿ ಫೋನ್ ಮಾಡಿ, ಸೂಪ್ ಮಾಡಿದ್ದೇನೆ, ತಗೊಂಡು ಬರುತ್ತೇನೆ ಅಂದರು. ಆ ಮಂಡಿಯಲ್ಲಿ, ಒಂದು ಕೈಯಲ್ಲಿ ಪಾತ್ರೆ ಹಿಡಿದು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ಅಷ್ಟು ಮೆಟ್ಟಿಲು! ನನಗೆ ಜೀವ ಬಾಯಿಗೆ ಬಂದಂತಾಯಿತು. ಅಯ್ಯೋ ಬೇಡ ಮದಾಮ್, ನೀವು ಬರಬೇಕಿಲ್ಲ ಅಂತ ಹೇಳಬೇಕಿತ್ತು. ತಲೆಯಲ್ಲಿ ಕನ್ನಡವೇ ಓಡುತ್ತಿತ್ತು. ಬೇಕು ಅಂದರೆ ‘ಇಲ್ ಫೋ’. ಅದರ ಮಧ್ಯೆ ‘ಇಲ್ಲ’ ಸೇರಿಸಿದೆ.

"ನೋಂ ನೋಂ ಮದಾಮ್, ಇಲ್ ನ ಫೋ ಪಾ ವನೀರ್."

ಆ ಕಡೆ ಮಾತು ನಿಂತಿತು. ಹಿಂದೆ ಎಲ್ಲೋ ರೇಡಿಯೋ ಹಾಡುತ್ತಿದ್ದದ್ದು ಕೇಳುತ್ತಿತ್ತು. ಆಮೇಲೆ "ಆ ಬೋಂ. ದಾಕೋರ್" ಅಂದರು. ಓಹೋ, ಸರಿ ಅಂತ. ಫೋನ್ ಇಟ್ಟರು.

ಜ್ವರ ಬಿಟ್ಟ ಮೇಲೆ ಮೆಟ್ಟಿಲಲ್ಲಿ ಸಿಕ್ಕರು. ‘ಬೋಂಝೂರ್’ ಅಂದರು, ನಿಲ್ಲಲಿಲ್ಲ. ದಿನಾ ಹತ್ತು ನಿಮಿಷ ಹಿಡಿದು ನಿಲ್ಲಿಸುತ್ತಿದ್ದವರು. ನನ್ನ ಜೊತೆ ಓದುತ್ತಿದ್ದ ಹುಡುಗಿಗೆ ನಡೆದದ್ದನ್ನು ಹೇಳಿದೆ. ಅವಳು ನಾನು ಆಡಿದ ವಾಕ್ಯವನ್ನು ಎರಡು ಸಲ ಹೇಳಿಸಿದಳು. "ನೀನು ಬರಬೇಕಿಲ್ಲ ಅನ್ನಲಿಲ್ಲ. ಬರಬಾರದು ಅಂದಿದ್ದೀಯ" ಅಂದಳು.

ಕನ್ನಡದ ದಾರಿ ಸರಿಯಾಗಿ ಇಲ್ಲಿಗೆ ನಿಲ್ಲುತ್ತದೆ. ನಮ್ಮಲ್ಲಿ ‘ಬೇಕಿಲ್ಲ’ ಬೇರೆ, ‘ಬಾರದು’ ಬೇರೆ. ಒಂದು ಬಿಡುಗಡೆ, ಇನ್ನೊಂದು ತಡೆ. ‘ಇಲ್ ಫೋ’ಗೆ ‘ಇಲ್ಲ’ ಸೇರಿಸಿದರೆ ಸಾಮಾನ್ಯವಾಗಿ ಸಿಗೋದು ತಡೆಯೇ. ಅಗತ್ಯ ಇಲ್ಲ ಅಂತ ಆಗುವುದಿಲ್ಲ, ಮಾಡಕೂಡದು ಅಂತ ಆಗುತ್ತದೆ. ಮುಟ್ಟಬಾರದು, ಸುಳ್ಳು ಹೇಳಬಾರದು ಅಂತ ಮಕ್ಕಳಿಗೆ ಹೇಳುವಾಗ ಬರುವ ವಾಕ್ಯ ಇದು. ಎಪ್ಪತ್ತು ದಾಟಿದ ಹೆಂಗಸು ಪ್ರೀತಿಯಿಂದ ಸೂಪ್ ತರುತ್ತೇನೆ ಅಂದರೆ ನಾನು ಅದನ್ನು ಅವರ ಮುಖಕ್ಕೆ ಹೇಳಿದ್ದೆ.

‘ಬೇಕಿಲ್ಲ’ಕ್ಕೆ ಅವರ ಮಾತುಗಳು ಬೇರೆಯೇ ಇವೆ. ಬರಲೇಬೇಕು ಅಂತೇನಿಲ್ಲ ಅನ್ನೋಕೆ ‘ವು ನೆತ್ ಪಾ ಒಬ್ಲಿಝೆ’. ಅಷ್ಟು ಕಷ್ಟ ಯಾಕೆ ಅನ್ನೋಕೆ ‘ಸ ನೆ ಪಾ ಲಾ ಪೆನ್’, ಆದರೆ ಇದನ್ನು ಮೆತ್ತಗೆ ಹೇಳಬೇಕು. ದನಿ ಗಡುಸಾದರೆ ಬೇಡ ಹೋಗಿ ಅಂದ ಹಾಗೆ ಆಗುತ್ತದೆ. ಅವತ್ತು ನಾನು ಹೇಳಬೇಕಿದ್ದದ್ದು ‘ನ ವು ದೆರಾಂಝೆ ಪಾ’. ತೊಂದರೆ ತಗೋಬೇಡಿ. ಇದನ್ನು ಬರೆದುಕೊಳ್ಳಿ. ಪಾಯಸ ಕೇಳೋದು ನಿಧಾನಕ್ಕೆ ಕಲಿಯಬಹುದು. ಒಬ್ಬರ ಉಪಕಾರವನ್ನು ನೋಯಿಸದೆ ಬೇಡ ಅನ್ನೋದನ್ನು ಮೊದಲು ಕಲಿಯಿರಿ.

ಗೆಳತಿ ಇದನ್ನು ಬಿಡಿಸಿ ಹೇಳಿದ ದಿನವೇ ಸಂಜೆ, ಅಮ್ಮ ಊರಿಂದ ಕಳಿಸಿದ್ದ ಕೊಬ್ಬರಿ ಮಿಠಾಯಿ ಡಬ್ಬಿ ಹಿಡಿದುಕೊಂಡು ಮೊದಲನೇ ಮಹಡಿಗೆ ಇಳಿದೆ. ಬಾಗಿಲು ತೆರೆದರು. ತಪ್ಪು ಎಲ್ಲಾಯಿತು ಅಂತ ನನಗೆ ಗೊತ್ತಿದ್ದಷ್ಟು ಫ್ರೆಂಚಿನಲ್ಲಿ ಹೇಳಿದೆ. ಮಧ್ಯದಲ್ಲಿ ಗಂಟಲು ಕಟ್ಟಿತು. ಅವರು ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮೂಸಿ, ನನ್ನ ಕಡೆ ತಿರುಗಿದರು.

"ಓ, ಇಲ್ ನ ಫಲೆ ಪಾ!"

ಎದೆ ಧಸಕ್ಕೆಂದಿತು. ಅದೇ ವಾಕ್ಯ, ಭೂತಕಾಲದಲ್ಲಿ. ತರಬಾರದಿತ್ತು. ಆದರೆ ಡಬ್ಬಿ ಅವರ ಎರಡೂ ಕೈಯಲ್ಲಿ ಭದ್ರವಾಗಿತ್ತು, ಮುಖ ನಗುತ್ತಿತ್ತು. ಉಡುಗೊರೆ ತಂದವರಿಗೆಲ್ಲ ಅಲ್ಲಿ ಹೀಗೇ ಹೇಳುತ್ತಾರೆ ಅಂತ ಆಮೇಲೆ ತಿಳಿಯಿತು. ನಮ್ಮಮ್ಮ ಬಾಗಿಲಲ್ಲಿ ನಿಂತು, "ಅಯ್ಯೋ, ಇದೆಲ್ಲಾ ಯಾಕ್ರೀ ತರೋಕೆ ಹೋದ್ರಿ" ಅಂತ ಚೀಲ ಇಸ್ಕೊಳ್ಳುತ್ತಾರಲ್ಲ, ಅದೇ ದನಿ.

ಮಿಠಾಯಿಯ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ನನಗೆ ಕುರ್ಚಿ ಎಳೆದರು. ಒಲೆ ಮೇಲೆ ಅವತ್ತಿನ ಸೂಪ್ ಕುದಿಯುತ್ತಿತ್ತು.