ಎಡಗಾಲಿನ ತಾಳ

ಬ್ಯಾಗ್‌ಪೈಪ್ ಒಮ್ಮೆ ನುಡಿಯತೊಡಗಿದರೆ ನಡುವೆ ನಿಲ್ಲುವುದಿಲ್ಲ. ಕಂಕುಳಿನ ಚೀಲದಲ್ಲಿ ಗಾಳಿ ಇರುವಷ್ಟು ಹೊತ್ತೂ ಹೆಗಲ ಮೇಲಿನ ಡ್ರೋನ್ ಎಂಬ ಮೂರು ಕೊಳವೆಗಳು ಶ್ರುತಿ ಹಿಡಿದಿರುತ್ತವೆ, ಬೆರಳುಗಳ ಕೆಳಗಿನ ಚಾಂಟರ್ ಎಂಬ ಕೊಳವೆ ತನ್ನ ಒಂಬತ್ತು ಸ್ವರಗಳಲ್ಲಿ ಯಾವುದಾದರೊಂದನ್ನು ಹೊರಡಿಸುತ್ತಲೇ ಇರುತ್ತದೆ. ಪಿಟೀಲು ನುಡಿಸುವವರು ಕಮಾನನ್ನು ಒತ್ತಿಯೋ ಸಡಿಲಿಸಿಯೋ ಒಂದು ಸ್ವರವನ್ನು ಜೋರಾಗಿ, ಇನ್ನೊಂದನ್ನು ಮೆಲ್ಲಗೆ ನುಡಿಸಿ ತಾಳದ ಪೆಟ್ಟು ಎಲ್ಲಿ ಬಿತ್ತೆಂದು ಕೇಳುಗರಿಗೆ ತಿಳಿಸಬಲ್ಲರು. ಪೈಪ್‌ನಲ್ಲಿ ಆ ದಾರಿಯಿಲ್ಲ. ಒಂದೇ ಸ್ವರವನ್ನು ಎರಡು ಸಲ ನುಡಿಸಬೇಕೆಂದರೂ ನಡುವೆ ಗ್ರೇಸ್ ನೋಟ್ ಎಂಬ ಕ್ಷಣಮಾತ್ರದ ಬೇರೊಂದು ಸ್ವರವನ್ನು ತಂದು ಅದನ್ನು ಕತ್ತರಿಸಬೇಕು. ಹೀಗಾಗಿ ಲಯವನ್ನು ತೋರಿಸಲು ಪೈಪರ್‌ನ ಕೈಯಲ್ಲಿ ಉಳಿಯುವುದು ಸ್ವರದ ಉದ್ದ ಮತ್ತು ಗ್ರೇಸ್ ನೋಟ್ ಬೀಳುವ ಜಾಗ, ಇವೆರಡೇ. ಒಬ್ಬನೇ ನುಡಿಸುವಾಗ ಇದು ಕಷ್ಟದ ವಿದ್ಯೆ. ಹತ್ತಾರು ಜನ ಸಾಲಾಗಿ ನಡೆಯುತ್ತ ನುಡಿಸುವಾಗ ಇದು ಇನ್ನೊಂದೇ ವಿದ್ಯೆಯಾಗುತ್ತದೆಂಬುದು ನನಗೆ ಚೆನ್ನಾಗಿ ಅರ್ಥವಾದದ್ದು ಸ್ಕಾಟ್ಲೆಂಡಿನ ಲ್ಯಾನರ್ಕ್‌ಶೈರ್‌ನ ಒಂದು ಸಣ್ಣ ಊರಿನ ಮೆರವಣಿಗೆಯಲ್ಲಿ.

ಗ್ಲಾಸ್ಗೋಗೆ ಕೆಲಸಕ್ಕೆಂದು ಬಂದು ನೆಲೆಸಿದ ಮೇಲೆ ನಾನು ಇಲ್ಲಿನ ಒಂದು ಪೈಪ್ ಬ್ಯಾಂಡ್ ಸೇರಿದೆ. ರಾಯಲ್ ಸ್ಕಾಟಿಷ್ ಪೈಪ್ ಬ್ಯಾಂಡ್ ಅಸೋಸಿಯೇಷನ್ ಎಂಬ ಸಂಸ್ಥೆ 1930ರಲ್ಲಿ ಹುಟ್ಟಿದ್ದು, ಇಲ್ಲಿನ ಬ್ಯಾಂಡ್‌ಗಳನ್ನು ದರ್ಜೆಗಳಾಗಿ ವಿಂಗಡಿಸಿ ಸ್ಪರ್ಧೆಗಳನ್ನು ನಡೆಸುತ್ತದೆ. ಮೊದಲ ದರ್ಜೆಯ ಬ್ಯಾಂಡ್‌ಗಳು ಆಗಸ್ಟ್‌ನಲ್ಲಿ ಗ್ಲಾಸ್ಗೋ ಗ್ರೀನ್ ಮೈದಾನದಲ್ಲಿ ವಿಶ್ವ ಪ್ರಶಸ್ತಿಗಾಗಿ ನುಡಿಸುವ ಮಾರ್ಚ್ ಎಂಬ ನಡಿಗೆಯ ಧಾಟಿ, ಸ್ಟ್ರಾತ್‌ಸ್ಪೇ, ರೀಲ್ ಎಂಬ ಕುಣಿತದ ಧಾಟಿಗಳನ್ನು ಕೇಳಲು ಜಗತ್ತಿನ ನಾನಾ ಕಡೆಗಳಿಂದ ಜನ ಬರುತ್ತಾರೆ. ನಮ್ಮದು ನಾಲ್ಕನೆಯ ದರ್ಜೆಯ ಬ್ಯಾಂಡ್. ಶಾಲಾ ಮಕ್ಕಳು, ಬಸ್ ಚಾಲಕರು, ನರ್ಸ್‌ಗಳು, ನಿವೃತ್ತರು ಗುರುವಾರ ಸಂಜೆ ಒಂದು ಚರ್ಚ್ ಹಾಲ್‌ನಲ್ಲಿ ಸೇರಿ ಕಲಿಯುವಂಥದ್ದು. ಊರಿನಲ್ಲಿರುವ ಬಂಧುಗಳಿಗೆ ಇದನ್ನು ವಿವರಿಸಲು ಕಷ್ಟಪಡಬೇಕಾಗಿಲ್ಲ. ಗಣರಾಜ್ಯೋತ್ಸವದಂದು ನಮ್ಮ ಸೇನೆಯ ಪೈಪ್ ಬ್ಯಾಂಡ್‌ಗಳನ್ನು ಟಿ.ವಿ.ಯಲ್ಲಿ ನೋಡದವರು ಕಡಿಮೆ.

ಚಿಕ್ಕಂದಿನಲ್ಲಿ ತೊಡೆ ತಟ್ಟಿ ಆದಿತಾಳ, ರೂಪಕತಾಳ ಹಾಕುತ್ತ ಸರಳೆ ವರಸೆ, ಜಂಟಿ ವರಸೆ ಕಲಿತವನಾದ್ದರಿಂದ ಕಾಲಪ್ರಮಾಣವೆಂಬುದು ನನಗೆ ಕೈಗೂ ಕಿವಿಗೂ ಸಂಬಂಧಿಸಿದ ಸಂಗತಿಯಾಗಿತ್ತು. ಗುರುಗಳ ತಾಳ ಕೇಳಿಸುತ್ತಿತ್ತು, ನಾವು ಅದಕ್ಕೆ ಸೇರಿಕೊಳ್ಳುತ್ತಿದ್ದೆವು. ಹಾಲ್‌ನಲ್ಲಿ ಮೇಜಿನ ಸುತ್ತ ಕುಳಿತು ಚೀಲವಿಲ್ಲದ ಪ್ರಾಕ್ಟೀಸ್ ಚಾಂಟರ್‌ನಲ್ಲಿ ಕಲಿಯುವಾಗಲೂ ಇದೇ ಕ್ರಮ ಸಾಕಾಗುತ್ತಿತ್ತು. ಬ್ಯಾಂಡ್ ನಡೆಸುವ ಪೈಪ್ ಮೇಜರ್, ತಾಳ ಹಾಕುವ ಯಂತ್ರವಾದ ಮೆಟ್ರೊನೋಮನ್ನು ನಿಮಿಷಕ್ಕೆ 60 ಪೆಟ್ಟುಗಳಿಗೆ ಇಟ್ಟು, ಬೆರಳುಗಳು ಹದಕ್ಕೆ ಬಂದಂತೆ 64, 68 ಎಂದು ಮೆಲ್ಲಗೆ ಏರಿಸುತ್ತಿದ್ದರು. ಆರೆಂಟರ (6/8) ಲಯದ ಮಾರ್ಚ್‌ಗಳನ್ನು ನಾನು ಮನಸ್ಸಿನಲ್ಲಿ ‘ತಕಿಟ ತಕಿಟ’ ಎಂದುಕೊಂಡೇ ನುಡಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಸ್ನೇರ್ ಡ್ರಮ್ಮಿನವರು ಪ್ಯಾಡ್ ಮೇಲೆ ಬಾರಿಸುವ ಮೊದಲು ತಮ್ಮ ಪಾಠವನ್ನು ಬಾಯಲ್ಲಿ ಹೇಳಿಕೊಳ್ಳುವುದನ್ನು ಕೇಳಿದಾಗ ನನಗೆ ಮೃದಂಗದ ಪಾಠದ ಮನೆಯೊಂದಕ್ಕೆ ಹೋದಷ್ಟು ಸಂತೋಷವಾಗುತ್ತಿತ್ತು.

ನಮ್ಮ ಪೈಪ್ ಮೇಜರ್ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಓಡುವವರು ಸಣ್ಣ ಸ್ವರಗಳಲ್ಲಿ ಓಡುವುದಿಲ್ಲ, ಉದ್ದ ಸ್ವರಗಳಲ್ಲಿ ಓಡುತ್ತಾರೆ. ಇದು ನಿಜ. ನಾಲ್ಕೈದು ಗ್ರೇಸ್ ನೋಟ್‌ಗಳು ಗುಂಪಾಗಿ ಬರುವ ಕಡೆ ಬೆರಳಿಗೆ ಭಯವಿರುವುದರಿಂದ ಎಲ್ಲರೂ ಎಚ್ಚರವಾಗಿರುತ್ತಾರೆ. ಅದು ಮುಗಿದು ಒಂದು ಉದ್ದನೆಯ ಸ್ವರ ಬಂದ ಕೂಡಲೇ ಮುಂದಿನ ಸಾಲಿಗೆ ಹಾರುವ ಆತುರ ಶುರುವಾಗುತ್ತದೆ, ಆ ಸ್ವರ ತನಗೆ ಸಲ್ಲಬೇಕಾದ ಉದ್ದದಲ್ಲಿ ಸ್ವಲ್ಪವನ್ನು ಕಳೆದುಕೊಳ್ಳುತ್ತದೆ. ಎಂಟು ಬಾರ್‌ಗಳ, ಅಂದರೆ ಎಂಟು ತಾಳದ ಸುತ್ತುಗಳ, ಒಂದು ಭಾಗ ಮುಗಿಯುವಷ್ಟರಲ್ಲಿ ಈ ಚೂರುಪಾರು ಕಳವೆಲ್ಲ ಸೇರಿ ಕಾಲಪ್ರಮಾಣ ಏರಿಬಿಟ್ಟಿರುತ್ತದೆ. ಇದನ್ನು ಪತ್ತೆ ಮಾಡಲೆಂದೇ ಅವರು ನಡುವೆ ಎಂಟು ಬಾರ್‌ಗಳಷ್ಟು ಹೊತ್ತು ಮೆಟ್ರೊನೋಮಿನ ಸದ್ದನ್ನು ಅಡಗಿಸಿ, ಒಂಬತ್ತನೆಯದಕ್ಕೆ ಮತ್ತೆ ಕೇಳಿಸುತ್ತಿದ್ದರು. ನಾವು ಎಷ್ಟು ಮುಂದೆ ಬಂದಿದ್ದೇವೆಂದು ಆಗ ಯಾರೂ ಹೇಳಬೇಕಾಗಿರಲಿಲ್ಲ.

ಮೆರವಣಿಗೆ ಇದ್ದದ್ದು ಜೂನ್‌ನಲ್ಲಿ. ಹಿಂದೆ ಕಲ್ಲಿದ್ದಲ ಗಣಿಗಳಿದ್ದ ಇಲ್ಲಿನ ಎಷ್ಟೋ ಊರುಗಳಲ್ಲಿ ಬೇಸಿಗೆಯ ಒಂದು ಶನಿವಾರ ‘ಗಾಲಾ ಡೇ’ ಎಂಬ ಊರಹಬ್ಬ ನಡೆಯುತ್ತದೆ. ಶಾಲೆಯ ಒಬ್ಬ ಹುಡುಗಿಯನ್ನು ರಾಣಿಯಾಗಿ ಆರಿಸಿ ಅಲಂಕರಿಸಿದ ಲಾರಿಯ ಮೇಲೆ ಕೂರಿಸುತ್ತಾರೆ. ಅದರ ಹಿಂದೆ ಬ್ಯಾಂಡ್, ಬ್ಯಾಂಡ್‌ನ ಹಿಂದೆ ಮಕ್ಕಳು. ನಾವು ನಾಲ್ವರ ಸಾಲುಗಳಲ್ಲಿ ನಿಂತೆವು. ಮುಂದಿನ ಮೂರು ಸಾಲು ಪೈಪರ್‌ಗಳು, ಹಿಂದೆ ಸ್ನೇರ್, ಟೆನರ್, ಬೇಸ್ ಡ್ರಮ್‌ಗಳು. ಪೈಪ್ ಮೇಜರ್ ಮೊದಲ ಸಾಲಿನ ಬಲತುದಿಯಲ್ಲಿದ್ದರು, ನಾನು ಎರಡನೆಯ ಸಾಲಿನಲ್ಲಿ ಅವರ ನೇರ ಹಿಂದೆ. ಹೊರಡುವ ಮೊದಲು ಅವರು ನನ್ನತ್ತ ತಿರುಗಿ, “ಡ್ರಮ್ ಕೇಳಿಸಿಕೊಂಡು ನುಡಿಸಬೇಡಿ, ನನ್ನ ಎಡಗಾಲಿನ ಹಿಮ್ಮಡಿ ನೋಡಿ. ಕಿಲ್ಟ್‌ನ ನೆರಿಗೆಯನ್ನೂ ನೋಡಬೇಡಿ, ಅದು ಕಾಲಿನ ಹಿಂದೆ ತಡವಾಗಿ ಬರುತ್ತದೆ” ಎಂದರು.

ಡ್ರಮ್ ಕೇಳಬಾರದೇಕೆ ಎಂಬುದಕ್ಕೆ ಸರಳವಾದ ಲೆಕ್ಕವೊಂದಿದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಬ್ಯಾಂಡ್‌ನ ಮುಂದಿನ ಸಾಲಿಗೂ ಹಿಂದಿನ ಸಾಲಿಗೂ 12 ಮೀಟರ್ ಅಂತರವಿದ್ದರೆ ಹಿಂದಿನ ಡ್ರಮ್ಮಿನ ಪೆಟ್ಟು ಮುಂದಿನವರಿಗೆ ಕೇಳಿಸುವಷ್ಟರಲ್ಲಿ ಸೆಕೆಂಡಿನ ಸಾವಿರದಲ್ಲಿ 35 ಭಾಗ ಕಳೆದಿರುತ್ತದೆ. ನಿಮಿಷಕ್ಕೆ 80 ಹೆಜ್ಜೆಯ ನಡೆಯಲ್ಲಿ ಒಂದು ಹೆಜ್ಜೆಗೆ ಮುಕ್ಕಾಲು ಸೆಕೆಂಡ್. ಅದನ್ನು ಎಂಟು ಪಾಲು ಮಾಡಿದರೆ ಬರುವ ಅತಿ ಸಣ್ಣ ಸ್ವರದ ಉದ್ದ ಸಾವಿರದಲ್ಲಿ 94 ಭಾಗ. ಅಂದರೆ ಸಣ್ಣ ಸ್ವರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ದಾರಿಯಲ್ಲೇ ಕಳೆದುಹೋಗುತ್ತದೆ. ಮುಂದಿನವರು ಕಿವಿಯನ್ನು ನಂಬಿ ತಡವಾಗಿ ನುಡಿಸಿದರೆ ಆ ನುಡಿಕೆ ಹಿಂದಿನವರಿಗೆ ಇನ್ನೂ ತಡವಾಗಿ ತಲುಪುತ್ತದೆ. ಅವರು ಇವರಿಗಾಗಿ ಕಾಯುತ್ತಾರೆ, ಇವರು ಅವರಿಗಾಗಿ ಕಾಯುತ್ತಾರೆ, ಲಯ ಜಗ್ಗುತ್ತ ಹೋಗುತ್ತದೆ. ಕಣ್ಣಿಗೆ ಮಾತ್ರ ಈ ತಡವಿಲ್ಲ. ಸ್ಪರ್ಧೆಯಲ್ಲಿ ಬ್ಯಾಂಡ್ ಒಳಮುಖವಾಗಿ ವೃತ್ತದಲ್ಲಿ ನಿಲ್ಲುವುದರಿಂದ ಪೈಪ್ ಮೇಜರ್‌ನ ಪಾದ ಎಲ್ಲರಿಗೂ ಕಾಣುತ್ತದೆ. ಬೀದಿಯಲ್ಲಿ ಆ ಅನುಕೂಲವಿಲ್ಲ.

ಡ್ರಮ್ಮಿನ ಎರಡು ರೋಲ್‌ಗಳೊಂದಿಗೆ, ಅಂದರೆ ಬಿಡುವಿಲ್ಲದ ಉರುಳು ಪೆಟ್ಟುಗಳೊಂದಿಗೆ, ಹೊರಟೆವು. ಮೊದಲ ರೋಲ್‌ಗೆ ಹೆಜ್ಜೆ ಕೂಡಿಸಿಕೊಂಡು, ಎರಡನೆಯದಕ್ಕೆ ಚೀಲವನ್ನು ತಟ್ಟಿ ಡ್ರೋನ್‌ಗಳನ್ನು ಎಬ್ಬಿಸಿ, ಒಂದು ಉದ್ದನೆಯ ‘ಇ’ ಸ್ವರದಿಂದ ಮಾರ್ಚ್‌ಗೆ ಇಳಿಯಬೇಕು. ಅಲ್ಲಿಂದಾಚೆಗೆ ನನ್ನ ಕಣ್ಣಿಗಿದ್ದದ್ದು ಅವರ ಎಡಗಾಲು ಮಾತ್ರ: ಸವೆದ ಕಪ್ಪು ಬ್ರೋಗ್ ಶೂವಿನ ಹಿಮ್ಮಡಿ, ಕಣಕಾಲಿನ ಸುತ್ತ ಸುತ್ತಿದ ಲಾಡಿ, ಮೊಣಕಾಲಿನ ಕೆಳಗೆ ದಪ್ಪ ಉಣ್ಣೆಯ ಕಾಲುಚೀಲದ ಮಡಿಕೆಯಿಂದ ಇಳಿಬಿದ್ದ ಕೆಂಪು ಪಟ್ಟಿ. ಆ ಹಿಮ್ಮಡಿ ಒದ್ದೆ ಡಾಂಬರಿಗೆ ತಾಗುವ ಕ್ಷಣಕ್ಕೆ ನನ್ನ ಗ್ರೇಸ್ ನೋಟ್ ಬೀಳಬೇಕು. ಮುಂದಿದ್ದ ಲಾರಿ ಒಂದೇ ವೇಗದಲ್ಲಿ ಹೋಗುತ್ತಿರಲಿಲ್ಲ. ಅದು ನಿಧಾನಿಸಿದಾಗಲೆಲ್ಲ ಬ್ಯಾಂಡ್ ಕೂಡ ನಿಧಾನಿಸಬೇಕೆಂದು ಮೈ ಹೇಳುತ್ತದೆ. ಪೈಪ್ ಮೇಜರ್ ತಮ್ಮ ಹೆಜ್ಜೆಯ ಉದ್ದವನ್ನು ಅರ್ಧಕ್ಕಿಳಿಸಿದರೇ ಹೊರತು ಹೆಜ್ಜೆಗಳ ನಡುವಿನ ಕಾಲವನ್ನು ಒಂದಿಷ್ಟೂ ಬದಲಿಸಲಿಲ್ಲ. ಏರುದಾರಿಯಲ್ಲೂ ಹಾಗೆಯೇ. ಅಲ್ಲಿ ಉಸಿರು ಸಾಲದಾಗುತ್ತದೆ. ಊದುವುದನ್ನು ತಾಳಕ್ಕೆ ಕಟ್ಟಿಹಾಕಿದವರು ಪ್ರತಿ ಉಸಿರಿಗೂ ಲಯವನ್ನು ಮುಂದೆ ತಳ್ಳುತ್ತಾರೆ. ಬೆರಳು ಕಾಲಿನ ಜೊತೆಗಿರಬೇಕು, ಉಸಿರು ಇವೆರಡರಿಂದಲೂ ದೂರ ನಿಂತು ತೋಳಿನ ಒತ್ತಡದೊಡನೆ ಮಾತ್ರ ವ್ಯವಹರಿಸಬೇಕು. ಈ ಬೇರ್ಪಡಿಕೆಯೇ ಪೈಪ್ ವಿದ್ಯೆಯ ತಿರುಳೆಂದು ನಾನು ಈಗ ನಂಬುತ್ತೇನೆ.

ಊರಿನ ನಡುವೆ ರೈಲುಹಳಿಯನ್ನು ಹೊತ್ತ ಹಳೆಯ ಕಲ್ಲಿನ ಸೇತುವೆಯೊಂದಿತ್ತು, ದಾರಿ ಅದರ ಕಮಾನಿನ ಕೆಳಗೆ ಹಾದುಹೋಗುತ್ತಿತ್ತು. ಪೈಪರ್‌ಗಳು ಒಳಗೆ ಹೋದಾಗ ಡ್ರಮ್ಮಿನವರು ಇನ್ನೂ ಹೊರಗಿದ್ದರು. ನಮ್ಮ ಸದ್ದು ಗೋಡೆಗಳಿಗೆ ಬಡಿದು ನಮ್ಮ ಮೇಲೆಯೇ ಬೀಳತೊಡಗಿತು. ಯಾವುದು ಸ್ವರ, ಯಾವುದು ಪ್ರತಿಧ್ವನಿ ಎಂದು ಬೇರ್ಪಡಿಸಲಾಗದ ಒಂದು ಗದ್ದಲ. ಡ್ರಮ್ಮಿನವರು ಕಮಾನಿನೊಳಗೆ ಬಂದಾಗ ಇನ್ನೂ ಹೆಚ್ಚಾಯಿತು. ಸ್ಕಾಟಿಷ್ ಸ್ನೇರ್ ಡ್ರಮ್ಮಿಗೆ ಕೆಳಗಿನ ಚರ್ಮದಲ್ಲಷ್ಟೇ ಅಲ್ಲದೆ ಮೇಲಿನ ಚರ್ಮದ ಕೆಳಗೂ ತಂತಿಗಳಿರುವುದರಿಂದ ಅದರ ಪೆಟ್ಟು ಬಹಳ ಚುರುಕು, ಕಲ್ಲಿನ ಗೋಡೆಗಳ ನಡುವೆ ಅದು ಹಲವು ಪೆಟ್ಟುಗಳಾಗಿ ಒಡೆದು ಬರುತ್ತದೆ. ಸ್ನೇರ್ ಸಾಲಿನಲ್ಲಿದ್ದ ಕಿರಿಯರು ಆ ಪ್ರತಿಧ್ವನಿಗಳನ್ನು ಹಿಡಿಯಲು ಹೋಗಿ ಮುಂದೋಡಿದರು. ನನ್ನ ಕಿವಿಯಲ್ಲಿ ತಾಳ ಒಂದು ಕಡೆ, ಕಣ್ಣೆದುರಿನ ಹಿಮ್ಮಡಿ ಇನ್ನೊಂದು ಕಡೆ. ಅರ್ಧ ಹೆಜ್ಜೆಯಷ್ಟು ಅಂತರ ಬಿದ್ದಿತ್ತು.

ಪೈಪ್ ಮೇಜರ್ ತಲೆ ತಿರುಗಿಸಲಿಲ್ಲ. ಆ ಹಿಮ್ಮಡಿ ಮೊದಲಿನಂತೆಯೇ ಏಳುತ್ತಿತ್ತು, ಮೊದಲಿನಂತೆಯೇ ಬೀಳುತ್ತಿತ್ತು, ನಾನು ಅದನ್ನೇ ಹಿಡಿದುಕೊಂಡೆ. ಬ್ಯಾಂಡನ್ನು ಒಟ್ಟುಗೂಡಿಸಿದ್ದು ಬೇಸ್ ಡ್ರಮ್ಮಿನ ಹಿರಿಯ ಮಹಿಳೆ. ಅವರು ತಮ್ಮ ಪಾಠದ ಅಲಂಕಾರಗಳನ್ನೆಲ್ಲ ಬಿಟ್ಟು, ಎಡಗಾಲಿಗೆ ಒಂದು, ಮತ್ತೆ ಎಡಗಾಲಿಗೆ ಒಂದು ಎಂದು ಬರಿಯ ಗಟ್ಟಿ ಪೆಟ್ಟುಗಳನ್ನಷ್ಟೇ ಹಾಕತೊಡಗಿದರು. ಕಮಾನಿನಿಂದ ಹೊರಬಂದು ಎರಡನೆಯ ಭಾಗ ಶುರುವಾಗುವಷ್ಟರಲ್ಲಿ ಸ್ನೇರ್‌ಗಳು ಒಬ್ಬೊಬ್ಬರಾಗಿ ಅವರ ಪೆಟ್ಟಿನ ಮೇಲೆ ಬಂದು ಕೂತರು.

ಮೆರವಣಿಗೆ ಮುಗಿದು ಚಹಾ ಕುಡಿಯುವಾಗ, ಆ ಗದ್ದಲದಲ್ಲಿ ಸರಿಯಾದ ಜಾಗ ನಿಮಗೆ ಹೇಗೆ ಕೇಳಿಸಿತೆಂದು ಅವರನ್ನು ಕೇಳಿದೆ. “ನನಗೆ ಏನೂ ಕೇಳಿಸುತ್ತಿರಲಿಲ್ಲ” ಎಂದರು. “ಪೈಪ್ ಮೇಜರ್ ಅವರ ಬಲ ಹೆಗಲು ಕಾಣುತ್ತಿತ್ತು. ಎಡಗಾಲು ಊರಿದಾಗ ಅದು ಸ್ವಲ್ಪ ಮುಂದಕ್ಕೆ ಬರುತ್ತದೆ.” ಹಿಂದಿನ ಸಾಲಿನಿಂದ ಪಾದ ಕಾಣುವುದಿಲ್ಲವಾದ್ದರಿಂದ ಎಷ್ಟೋ ವರ್ಷಗಳಿಂದ ಆ ಹೆಗಲನ್ನೇ ನೋಡಿಕೊಂಡು ಬಾರಿಸುತ್ತಿದ್ದಾರಂತೆ. ಅಷ್ಟರಲ್ಲಿ ಸ್ನೇರ್‌ನ ಮುಖ್ಯಸ್ಥ, ಕಮಾನಿನ ಕೆಳಗೆ ಗಾಬರಿಯಾಗಿದ್ದ ಹುಡುಗನೊಬ್ಬನನ್ನು ಪಕ್ಕಕ್ಕೆ ಕರೆದು, ಕೋಲುಗಳನ್ನು ಕೈಗೆ ಕೊಡದೆ, ನಿಂತಲ್ಲೇ ಹೆಜ್ಜೆ ಹಾಕಿಸಿ ಪಾಠವನ್ನು ಬಾಯಲ್ಲಿ ಹೇಳಿಸುತ್ತಿದ್ದರು. ಹುಡುಗ ಎರಡನೆಯ ಸಲಕ್ಕೇ ಸರಿಯಾಗಿ ಹೇಳಿದ. ಬಯ್ಯುವುದಕ್ಕಿಂತ ಇದು ಎಷ್ಟೋ ಮೇಲಾದ ಕಲಿಸುವ ಕ್ರಮವೆಂದು ನನಗೆ ಅನ್ನಿಸಿತು.

ಆ ಬೇಸಿಗೆಯಿಂದ ನಮ್ಮ ಅಭ್ಯಾಸದ ಒಂದು ಪಾಲು ಹಾಲ್‌ನಿಂದ ಹೊರಗೆ, ಪಕ್ಕದ ಕಾರು ನಿಲ್ಲಿಸುವ ಜಾಗಕ್ಕೆ ಬಂದಿದೆ. ಡ್ರಮ್ಮಿನವರನ್ನು ಬೇಕೆಂದೇ ದೂರ ನಿಲ್ಲಿಸಿ, ಎರಡು ಗುಂಪುಗಳೂ ಪರಸ್ಪರ ಪಾದಗಳನ್ನು ನೋಡುತ್ತ ಹೆಜ್ಜೆ ಹಾಕುತ್ತೇವೆ. ನಡುವೆ ಎಂಟು ಬಾರ್ ಡ್ರಮ್‌ಗಳು ನಿಲ್ಲುತ್ತವೆ, ಕಾಲುಗಳು ನಿಲ್ಲುವುದಿಲ್ಲ. ಒಂಬತ್ತನೆಯದಕ್ಕೆ ಡ್ರಮ್‌ಗಳು ಮತ್ತೆ ಸೇರುತ್ತವೆ. ಸ್ಪರ್ಧೆಯಲ್ಲಿ ಪೈಪ್‌ಗಳಿಗೆ ಇಬ್ಬರು, ಡ್ರಮ್‌ಗಳಿಗೆ ಒಬ್ಬರು ತೀರ್ಪುಗಾರರಿದ್ದು, ನಾಲ್ಕನೆಯವರು ಇವೆರಡರ ಹೊಂದಿಕೆಯನ್ನೇ ತೂಗುತ್ತಾರೆ. ಈ ಅಭ್ಯಾಸದ ಫಲ ಮೊದಲು ಕಾಣಬೇಕಾದದ್ದು ಅವರ ಹಾಳೆಯಲ್ಲಿ. ಈಗ ಡ್ರಮ್‌ಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಸರಿಯಾದ ಜಾಗಕ್ಕೇ ಬರುತ್ತಿವೆ. ಎರಡನೆಯ ಮಾರ್ಚ್‌ನ ಕೊನೆಯ ಭಾಗದಲ್ಲಿ ಒಂದು ಉದ್ದನೆಯ ‘ಎಫ್’ ಸ್ವರವಿದೆ, ಅಲ್ಲಿ ಮಾತ್ರ ಪೈಪರ್‌ಗಳು ಇನ್ನೂ ಆತುರಪಡುತ್ತಿದ್ದೇವೆ. ಅದಕ್ಕೆ ಸಲ್ಲಬೇಕಾದ ಎರಡು ಹೆಜ್ಜೆಗಳನ್ನು ಪೂರ್ತಿಯಾಗಿ ಕೊಡುವುದನ್ನೇ ಪೈಪ್ ಮೇಜರ್ ಈ ಚಳಿಗಾಲದ ಕೆಲಸವೆಂದು ಗೊತ್ತುಮಾಡಿದ್ದಾರೆ.