ಹೊಸ ಫಾಗ್ ಲೈಟಿಗೆ ಹಳೇ ವೈರಿಂಗ್ ಬೇಡ

ಮಳೆಗಾಲ ಮುಗಿಯುವ ಹೊತ್ತಿಗೆ ಕೊಡಗಿನಲ್ಲಿ ಎಷ್ಟೋ ಬೈಕುಗಳ ಫಾಗ್ ಲೈಟ್ ಕೈಕೊಟ್ಟಿರುತ್ತವೆ. ಹೊಸ ಜೋಡಿ ತಂದು ಹಳೇ ಕನೆಕ್ಟರಿಗೇ ಸಿಕ್ಕಿಸಿದರೆ ಸ್ವಲ್ಪ ದಿನ ಉರಿದು ಮತ್ತೆ ಅದೇ ಪಾಡು. ಹೆಚ್ಚಿನ ಸಲ ಕೆಟ್ಟಿರುವುದು ಲೈಟಲ್ಲ, ವೈರು.

ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು, ಲೈಟಿನ ಹಿಂದಿನ ಕನೆಕ್ಟರಿನಿಂದ ಎರಡಿಂಚು ಬಿಟ್ಟು ವೈರ್ ಕತ್ತರಿಸಿ, ಸುಲಿದು ನೋಡಿ. ತಾಮ್ರದ ಎಳೆಗಳು ಹೊಳೆಯುತ್ತಿದ್ದರೆ ಸರಿ. ಕಪ್ಪಾಗಿದ್ದರೆ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಇನ್ನೂ ಎರಡಿಂಚು ಕತ್ತರಿಸಿ. ಅರ್ಧ ಅಡಿ ಒಳಗೂ ಹಾಗೇ ಇದ್ದರೆ ಆ ವೈರಿಂಗನ್ನು ಪೂರ್ತಿ ತೆಗೆದುಬಿಡಿ. ನೀರು ಅಷ್ಟು ಒಳಗೆ ಹೋಗುವುದಕ್ಕೆ ಕಾರಣವಿದೆ. ಉರಿದು ಬಿಸಿಯಾದ ಲೈಟ್ ಮೇಲೆ ತಣ್ಣನೆ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗುತ್ತದೆ. ಹಿಂದಿನ ಜಾಯಿಂಟ್ ಸಡಿಲವಿದ್ದರೆ ಲೈಟ್ ಎಳೆಗಳ ಸಂದಿಯಿಂದ ತೇವವನ್ನು ಹೀರಿಕೊಳ್ಳುತ್ತದೆ. ಗಾಜಿನ ಒಳಗೆ ಹಬೆ ಕಟ್ಟುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಬರೀ ಇನ್ಸುಲೇಷನ್ ಟೇಪ್ ಸುತ್ತಿದ ಜಾಯಿಂಟ್ ಇಲ್ಲಿನ ಜುಲೈ ತಡೆಯುವುದಿಲ್ಲ.

ತಲಾ 20 ವ್ಯಾಟಿನ ಎರಡು ಎಲ್‌ಇಡಿ ಅಂದರೆ 40 ವ್ಯಾಟ್, 12 ವೋಲ್ಟಿನಲ್ಲಿ ಸುಮಾರು 3.3 ಆಂಪಿಯರ್. 1 ಚದರ ಮಿಲಿಮೀಟರ್ ವೈರ್ ಸಾಕು. ಕಡಿಮೆ ಬೆಲೆಯ ಕಿಟ್‌ಗಳಲ್ಲಿ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ವೈರ್ ಬರುವುದುಂಟು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಮೊದಲು 55 ವ್ಯಾಟಿನ ಹ್ಯಾಲೋಜನ್ ಜೋಡಿ ಇದ್ದಿದ್ದರೆ ಫ್ಯೂಸ್ ಸಾಮಾನ್ಯವಾಗಿ 15 ಆಂಪಿಯರಿನದೇ ಇರುತ್ತದೆ. ಅದನ್ನು 5ಕ್ಕೆ ಇಳಿಸಿ, ಹೋಲ್ಡರನ್ನು ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೇ ಇಡಿ. ಫ್ಯೂಸ್ ಇರುವುದು ವೈರನ್ನು ಕಾಯಲಿಕ್ಕೆ.

ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಡಬ್ಬಿಯೇ ರಿಲೇ, ಅದರ ಪಿನ್ನುಗಳಿಗೆ ನಂಬರ್ ಇರುತ್ತದೆ. 30ಕ್ಕೆ ಫ್ಯೂಸಿನಿಂದ ಬಂದ ವೈರ್, 87ರಿಂದ ಲೈಟುಗಳಿಗೆ, 85 ಅರ್ಥಿಗೆ (ನೆಗೆಟಿವ್ ಕಡೆಗೆ), 86 ಹ್ಯಾಂಡಲ್ ಸ್ವಿಚ್ಚಿಗೆ. ಸ್ವಿಚ್ಚಿಗೆ ಕರೆಂಟನ್ನು ಪಾರ್ಕಿಂಗ್ ಲೈಟ್ ವೈರಿನಿಂದ ತೆಗೆದುಕೊಂಡರೆ ಕೀ ತೆಗೆದಾಗ ಎಲ್ಲವೂ ಆರುತ್ತದೆ. ಒಳಗೆ ಡಯೋಡ್ (ಕರೆಂಟನ್ನು ಒಂದೇ ಕಡೆಗೆ ಬಿಡುವ ಬಿಡಿಭಾಗ) ಇರುವ ರಿಲೇಯಲ್ಲಿ 85, 86 ಅದಲುಬದಲಾದರೆ ಶಾರ್ಟ್ ಆಗುತ್ತದೆ. ರಿಲೇಯನ್ನು ಸೀಟಿನಡಿ, ಪಿನ್ನುಗಳು ಕೆಳಮುಖವಾಗಿರುವಂತೆ ಕಟ್ಟಿ. ಅರ್ಥನ್ನು ಪೇಂಟ್ ಇರುವ ಬೋಲ್ಟಿಗೆ ಕೊಡಬೇಡಿ, ನೇರ ಬ್ಯಾಟರಿ ನೆಗೆಟಿವ್‌ಗೆ ಎಳೆಯಿರಿ.

ಜಾಯಿಂಟಿಗೆ ಬರೀ ಸೋಲ್ಡರ್ ನೆಚ್ಚಬೇಡಿ. ಸೋಲ್ಡರ್ ಮುಗಿಯುವ ಜಾಗದಲ್ಲಿ ವೈರ್ ಗಡುಸಾಗಿ, ತೋಟದ ರಸ್ತೆಯ ಕುಲುಕಾಟಕ್ಕೆ ಅಲ್ಲೇ ತುಂಡಾಗುತ್ತದೆ. ಲೋಹದ ತೋಳಿನಲ್ಲಿ ವೈರ್ ಸೇರಿಸಿ ಇಕ್ಕಳದಿಂದ ಗಟ್ಟಿಯಾಗಿ ಅದುಮಿ (ಕ್ರಿಂಪ್), ಒಳಗೆ ಅಂಟು ಸವರಿದ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ, ಎರಡೂ ತುದಿಯಲ್ಲಿ ಅಂಟು ಹೊರಬರುವ ತನಕ ಕಾಯಿಸಿ. ಲೈಟಿನ ಹಿಂದೆ ವೈರನ್ನು ಒಮ್ಮೆ ಕೆಳಗೆ ಬಳುಕಿಸಿ ಮೇಲಕ್ಕೆ ಒಯ್ದರೆ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಹ್ಯಾಂಡಲ್ ಕತ್ತಿನ ಹತ್ತಿರ ಕೇಬಲ್ ಟೈ ಬಿಗಿಯಬೇಡಿ. ಎಡ ಬಲ ಪೂರ್ತಿ ತಿರುಗಿಸಿ, ಎಲ್ಲೂ ಜಗ್ಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಎಂಜಿನ್ ಓಡುತ್ತಿರುವಾಗ ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಪಾಸಿಟಿವ್‌ಗೆ, ಇನ್ನೊಂದು ಲೈಟಿನ ಪಾಸಿಟಿವ್‌ಗೆ ಹಿಡಿಯಿರಿ. 0.3 ವೋಲ್ಟಿನೊಳಗಿದ್ದರೆ ಚೆನ್ನ. ಅರ್ಧ ವೋಲ್ಟ್ ದಾಟಿದರೆ ಎಲ್ಲೋ ಜಾಯಿಂಟ್ ಸಡಿಲವಿದೆ. ನೆಗೆಟಿವ್ ಕಡೆಯೂ ಹೀಗೇ ನೋಡಿ. ವೋಲ್ಟೇಜ್ ಇಳಿದರೆ ಹ್ಯಾಲೋಜನ್ ಮಂಕಾಗಿ ಗೊತ್ತಾಗುತ್ತಿತ್ತು. ಎಲ್‌ಇಡಿಯ ಒಳಗಿರುವ ಕರೆಂಟ್ ನಿಯಂತ್ರಿಸುವ ಸರ್ಕ್ಯೂಟ್ (ಡ್ರೈವರ್) ಬೆಳಕನ್ನು ಒಂದೇ ಸಮ ಇಟ್ಟುಕೊಳ್ಳುವುದರಿಂದ ಜಾಯಿಂಟ್ ಸುಡುತ್ತಿದ್ದರೂ ಗೊತ್ತಾಗುವುದಿಲ್ಲ, ಆಮೇಲೆ ಒಮ್ಮೆಲೇ ಮಿನುಗತೊಡಗುತ್ತದೆ.

ಇನ್ನು ಬೆಳಕಿನ ಕೋನ. ಸಂಪಾಜೆ ಘಾಟಿಯ ಮಂಜಿನಲ್ಲಿ ಹಳದಿಯೋ ಬಿಳಿಯೋ ಅನ್ನುವುದಕ್ಕಿಂತ ಲೈಟ್ ಎಷ್ಟು ಕೆಳಗಿದೆ ಅನ್ನುವುದು ಮುಖ್ಯ. ಮೇಲೆ ಕಟ್ಟಿದ ಲೈಟಿನ ಬೆಳಕು ಮಂಜಿಗೆ ಹೊಡೆದು ಸವಾರನ ಕಣ್ಣಿಗೇ ವಾಪಸ್ ಬರುತ್ತದೆ. ಕಾಫಿ ಕಣದಂಥ ಸಮತಟ್ಟು ಜಾಗದಲ್ಲಿ, ಗೋಡೆಯಿಂದ 5 ಮೀಟರ್ ದೂರ ಬೈಕ್ ನಿಲ್ಲಿಸಿ. ಸವಾರ ಕೂತಿರಬೇಕು, ಏಕೆಂದರೆ ಹಿಂಬದಿ ಕುಸಿದಾಗ ಬೆಳಕು ಮೇಲೇಳುತ್ತದೆ. ಬೆಳಕಿನ ನಡುಭಾಗ ಗೋಡೆಯ ಮೇಲೆ ಲೈಟಿನ ಎತ್ತರಕ್ಕಿಂತ 10 ಸೆಂಟಿಮೀಟರ್ ಕೆಳಗೆ ಬೀಳುವಂತೆ ಬಗ್ಗಿಸಿ ಬೋಲ್ಟ್ ಬಿಗಿಯಿರಿ. ಹಿಂದೆ ಕೂರುವವರು ಯಾವಾಗಲೂ ಇದ್ದರೆ ಅವರನ್ನೂ ಕೂರಿಸಿಕೊಂಡೇ ನೋಡಿ.